ಅಕ್ಕನ ನಾಲ್ಕು ಚೀಟಿಗಳು

ನಮ್ಮಕ್ಕನ ಕ್ಲಾಸಿಗೆ ನಾನು ರೋಗಿಯಾಗಿ ಹಾಜರಾಗಬೇಕಿತ್ತು; ಆಗಲಿಲ್ಲ. ರೋಗ ಇಲ್ಲ ಅಂತಲ್ಲ, ಸಕ್ಕರೆ ಕಾಯಿಲೆ ನನಗೆ ಧಾರಾಳವಾಗಿಯೇ ಇದೆ. ಆದರೂ ಕೈಕೊಟ್ಟೆ. ಬೈಯುವ ಮೊದಲು ಅಕ್ಕ ಎಂಥವಳು ಅಂತ ಕೇಳಿಬಿಡಿ.

ಅಕ್ಕ ತಿರುವನಂತಪುರದ ಪಟ್ಟಂನಲ್ಲಿ, ಸರ್ಕಾರಿ ಡಿಸ್ಪೆನ್ಸರಿಯೊಂದರಲ್ಲಿ ನರ್ಸು. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಕೊಚ್ಚಿ ಹತ್ತಿರ ಆಲುವ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತೇನೆ. ಐವತ್ತು ಹತ್ತಿರ ಬಂದಾಗ ಅಕ್ಕನಿಗೆ ನರ್ಸಿಂಗ್ ಡಿಗ್ರಿಯ ಹುಚ್ಚು ಹಿಡಿಯಿತು, ಅದೂ ಆನ್‌ಲೈನಿನಲ್ಲಿ. ಅಲ್ಲಿ ಐದೈದು ಜನರ ಟೀಮು. ಪ್ರಶ್ನೆಗೆ ಮೊದಲು ಒಬ್ಬೊಬ್ಬರೇ ಉತ್ತರ ಕೊಡಬೇಕು. ಆಮೇಲೆ ಅದೇ ಪ್ರಶ್ನೆಯನ್ನು ಟೀಮಿನವರೆಲ್ಲ ಚರ್ಚಿಸಿ ಎ, ಬಿ, ಸಿ, ಡಿ ಉತ್ತರಗಳಲ್ಲಿ ಒಂದರ ಚೀಟಿಯನ್ನು ಫೋನಿನ ಮುಂದೆ ಎತ್ತಬೇಕು. ಮಾರ್ಕು ಐವರಿಗೂ ಒಂದೇ. ಅಕ್ಕನ ಜೊತೆಯ ನಾಲ್ವರೂ ಅವಳ ಮಗಳ ವಯಸ್ಸಿನ ಹುಡುಗಿಯರು, ಆದರೂ ಅವರಿಗೆ ಇವಳು "ಚೇಚಿ", ಅಂದರೆ ಅಕ್ಕ.

ಈ ಪದ್ಧತಿ ಅಡುಗೆಮನೆಗೂ ಬಂತು. ಹಳೇ ಕ್ಯಾಲೆಂಡರ್ ಕತ್ತರಿಸಿ ಎಲ್ಲರಿಗೂ ನಾಲ್ಕು ನಾಲ್ಕು ಚೀಟಿ. ಎ ಪುಟ್ಟು, ಬಿ ಉಪ್ಪಿಟ್ಟು, ಸಿ ದೋಸೆ, ಡಿ ನಿನ್ನೆಯದು. ಭಾವ, ಮಗಳು, ರಜೆಗೆ ಹೋದ ನಾನು, ಮೂವರೂ ಸಿ ಎತ್ತಿದೆವು.

"ಈಗ ಚರ್ಚೆ ಮಾಡಿ," ಅಂದಳು ಅಕ್ಕ.

"ಎಂದಿನಾ ಅಮ್ಮೇ?" ಯಾಕೆ ಅಂತ ಮಗಳು ಮಲಯಾಳದಲ್ಲಿ ಗೊಣಗಿದಳು.

"ಚರ್ಚೆ ಇಲ್ಲದ ಉತ್ತರಕ್ಕೆ ಮಾರ್ಕಿಲ್ಲ ಕಣೇ."

ಚರ್ಚೆ ಮುಗಿಯುವಷ್ಟರಲ್ಲಿ ಹಿಟ್ಟು ಹುಳಿಯಾಗಿತ್ತು. ಡಿ ತಿಂದೆವು.

ಊಟವಾದ ಮೇಲೆ ತೃಪ್ತಿಯ ಫಾರಂ. ಕ್ಲಾಸಿನಲ್ಲಿ ಅವಳ ಕೈಲಿ ತುಂಬಿಸುತ್ತಿದ್ದರು, ಅವಳು ನಮ್ಮ ಕೈಲಿ ತುಂಬಿಸಿದಳು. ಭಾವ ಸಾರಿಗೆ "ಸುಮಾರು" ಅಂತ ಗುರುತು ಹಾಕಿದರು.

"ಕಾರಣ ಬರೀರಿ, ಉದಾಹರಣೆ ಸಮೇತ."

ಮರುದಿನ ಭಾವ ತಟ್ಟೆಗೆ ಅನ್ನ ಬೀಳುವ ಮೊದಲೇ "ಬಹಳ ತೃಪ್ತಿ" ಅಂತ ಬರೆದಿಟ್ಟರು.

ಹೀಗಿರುವಾಗ ಟೀಮಿಗೆ ಒಬ್ಬ ನಿಜವಾದ ರೋಗಿ ಬೇಕಾಯಿತು. "ನೀನೇ ಬಾರೋ. ಫೋನ್ ಮುಂದೆ ಕೂತು ಕೇಳಿದ್ದಕ್ಕೆ ಹೇಳಿದ್ರಾಯ್ತು," ಅಂದಳು ಅಕ್ಕ. ಒಪ್ಪಿದೆ. ಆ ಹೊತ್ತಿಗೆ ಸರಿಯಾಗಿ ಫೋನ್ ಆಫ್ ಮಾಡಿ ಹಿಟ್ಟು ರುಬ್ಬಲು ಕೂತೆ.

ಮುಂದಿನದನ್ನು ಭಾವ ವರದಿ ಒಪ್ಪಿಸಿದರು. ಕಾದು ಕಾದು ಅಕ್ಕ ತಲೆಗೆ ಟವೆಲ್ ಸುತ್ತಿ ತಾನೇ ನಾನಾದಳಂತೆ. "ಪಾಯಸ ಕುಡಿಯಲ್ಲಮ್ಮ, ಹದ ನೋಡ್ತೀನಿ. ದಿನಾ ನಾಲ್ಕು ಲೋಟ ಹದ," ಅಂದಾಗ ಹುಡುಗಿಯರು ಬಿದ್ದು ಬಿದ್ದು ನಕ್ಕರಂತೆ. ಟೀಚರ್ ಮಾತ್ರ ನಗಲಿಲ್ಲ. ಐವರಿಗೂ ಸೊನ್ನೆ.

ಮುಂದಿನ ರಜೆಗೆ ಅಳುಕುತ್ತಲೇ ಪಟ್ಟಂಗೆ ಹೋದೆ. ಅಕ್ಕ ಬೈಯಲಿಲ್ಲ, ಚೀಟಿ ಹಂಚಿದಳು.

"ತಮ್ಮ ಯಾಕೆ ಬರಲಿಲ್ಲ? ಎ, ಹೋಟೆಲಲ್ಲಿ ರಶ್ಶು. ಬಿ, ನೆಟ್ ಇರಲಿಲ್ಲ. ಸಿ, ಮರೆತ. ಡಿ, ಫೋನು ಹಿಟ್ಟಿಗೆ ಬಿತ್ತು."

ಭಾವ ಎ ಎತ್ತಿದರು. ಮಗಳು ಡಿ. ನನಗಾಗಿ ನಾಲ್ಕು ನೆಪ ಹೊಂದಿಸಿಟ್ಟು, ಯಾವುದಾದರೊಂದು ಎತ್ತಲಿ ಅಂತ ಅಕ್ಕ ಕಾಯುತ್ತಿದ್ದಳು. ಪ್ರತಿ ತಿಂಗಳೂ ನನಗೆ ಕಳಿಸುವ ಮಾತ್ರೆಯ ಪೊಟ್ಟಣ ಅವಳ ಪಕ್ಕದಲ್ಲೇ ಇತ್ತು, ದಾರ ಕಟ್ಟಿ, ಹೆಸರು ಬರೆದು.

ನಾಲ್ಕೂ ಚೀಟಿ ಕೆಳಗಿಟ್ಟೆ.

"ಇದರಲ್ಲಿ ಇಲ್ಲ ಕಣಕ್ಕ. ನೀನು ಕಳ್ಸಿದ ಮಾತ್ರೆ ಎಲ್ಲ ರವೆ ಡಬ್ಬೀಲಿ ಹಾಗೇ ಇವೆ, ಒಂದೂ ನುಂಗಿಲ್ಲ. ಆ ಹುಡುಗೀರು ಕೇಳಿದ್ರೆ ನಿನ್ನ ಮುಂದೇನೇ ಹೇಳಬೇಕಾಗ್ತಿತ್ತು. ಅದಕ್ಕೇ ಫೋನ್ ಆಫ್ ಮಾಡಿದೆ. ಅವರಿಗೂ ಫೋನ್ ಮಾಡಿಕೊಡು, ನಾನೇ ಹೇಳ್ತೀನಿ. ತಪ್ಪಾಯ್ತಕ್ಕ."