ಡಿನ್ನರಿಗೆ ಬನ್ನಿ ಮೇಡಂ!

ಲಿಂಕನ್‌ಷೈರ್ ಕೌಂಟಿಯನ್ನು ಜಗತ್ತಿನ ಭೂಪಟದ ಮೇಲೆ ಕೂರಿಸುವವನು ನಾನೇ! ಹೀಗೆಂದು ಕಳೆದ ಜೂನ್ ತಿಂಗಳ ಒಂದು ಬೆಳಿಗ್ಗೆ, ಚಹಾದ ಮಗ್ಗನ್ನು ಖಡ್ಗದಂತೆ ಎತ್ತಿ ಹಿಡಿದು, ನನ್ನ ಹೆಂಡತಿ ಮೇವಿಸಳ ಎದುರು ಘೋರ ಪ್ರತಿಜ್ಞೆ ಮಾಡಿದೆ.

"ಭೂಪಟದಲ್ಲಿ ಅದು ಆಗ್ಲೇ ಇದೆ ಸೈರಿಲ್. ಬಲಗಡೆ, ಸಮುದ್ರದ ಪಕ್ಕ. ಮೊದಲು ಮಗ್ ಕೆಳಗಿಡು, ಮೇಜಿನ ಬಟ್ಟೆ ಮೇಲೆಲ್ಲ ಚೆಲ್ತಿದೀಯ," ಎಂದಳು ಮೇವಿಸ್.

ಪ್ರತಿಜ್ಞೆಗೆ ಬಲವಾದ ಕಾರಣವಿತ್ತು. ಹಾಗರ್‌ಬಿ ಎಂಬ ನಮ್ಮ ಹಳ್ಳಿಯಲ್ಲಿ ನಾವಿಬ್ಬರೂ ಐದು ಕೋಣೆಗಳ ಒಂದು ಗೆಸ್ಟ್‌ಹೌಸ್ ನಡೆಸುತ್ತೇವೆ. ನಡೆಸುತ್ತೇವೆ ಎಂದರೆ, ಮೇವಿಸ್ ನಡೆಸುತ್ತಾಳೆ, ನಾನು ಅದರೊಳಗೆ ನಡೆದಾಡುತ್ತೇನೆ. ಈ ಸಲ ಐದೂ ಕೋಣೆ ಬಿಕೋ ಎನ್ನುತ್ತಿದ್ದವು. ಬಂದವನು ಹಕ್ಕಿ ನೋಡುವ ಒಬ್ಬ ಮುದುಕ ಮಾತ್ರ. ಅವನೂ ಹಕ್ಕಿ ನೋಡಿದನೇ ಹೊರತು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಮೇವಿಸ್ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಈ ಬೇಸಿಗೇಲೂ ಕೋಣೆ ತುಂಬದಿದ್ರೆ ಮನೆ ಮಾರಿ, ಲೆಸ್ಟರಿಗೆ ಹೋಗಿ ನಮ್ಮಕ್ಕ ಈನಿಡ್ ಜೊತೆ ಇದ್ದುಬಿಡೋದೇ ಸೈ."

ಈನಿಡ್! ಆ ಮಹಾತಾಯಿ ಸೋಫಾ ಕೊಂಡ ದಿನದಿಂದ ಇವತ್ತಿನವರೆಗೆ ಅದರ ಪ್ಲಾಸ್ಟಿಕ್ ಹೊದಿಕೆ ತೆಗೆದಿಲ್ಲ. ಕೂತರೆ ಕರಕರ, ಎದ್ದರೆ ಕರಕರ, ಎರಡರ ನಡುವೆ ಈನಿಡಳ ಬಾಯಿಯ ಕರಕರ. ಉಳಿದ ಆಯುಷ್ಯವನ್ನು ಆ ಸೋಫಾದ ಮೇಲೆ ಕಳೆಯುವುದನ್ನು ನೆನೆದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಹಾಗಿರುವಾಗ ಲಂಡನ್ನಿನ ಒಂದು ಪತ್ರಿಕೆಯಿಂದ ಫೋನು ಬಂತು! ಇಮೋಜೆನ್ ಕ್ರಾಲಿ ಎಂಬ ಲೇಖಕಿ. ಲಿಂಕನ್‌ಷೈರಿಗೆ ಹೋಗಲು ಹತ್ತು ಕಾರಣಗಳು ಎಂದು ಬರೆಯುತ್ತಿದ್ದಾರಂತೆ. ಒಂಬತ್ತು ಸಿಕ್ಕಿವೆಯಂತೆ. "ಹತ್ತನೇದು ಒಂದು ಒಳ್ಳೇ ಮನೆ, ಒಳ್ಳೇ ಊಟ ಆದ್ರೆ ಚೆನ್ನಾಗಿರತ್ತೆ ನೋಡಿ," ಎಂದರು.

"ನೋಡೋದೇನು, ಗುರುವಾರ ಡಿನ್ನರಿಗೆ ಬನ್ನಿ ಮೇಡಂ!" ಎಂದೆ.

"ಖಂಡಿತ!" ಎಂದರು.

ಎಷ್ಟು ಗಂಟೆಗೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಡಿನ್ನರ್ ಎಷ್ಟೊತ್ತಿಗೆ ಎಂದು ಯಾರಾದರೂ ಕೇಳುತ್ತಾರೆಯೇ? ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು, ಡಿನ್ನರ್ ಎಂದರೆ ಮಧ್ಯಾಹ್ನ ಹನ್ನೆರಡಕ್ಕೆ. ಸಂಜೆ ಐದಕ್ಕೆ ತಿನ್ನುವುದು 'ಟೀ'. ಅದರಲ್ಲಿ ಹಂದಿಮಾಂಸ, ಬ್ರೆಡ್ಡು, ಕೇಕು ಎಲ್ಲ ಇದ್ದು, ಕುಡಿಯುವ ಟೀ ಪಾಪ ಒಂದು ಮೂಲೆಯಲ್ಲಿರುತ್ತದೆ. ಅದಾದ ಮೇಲೆ ಹಾಗರ್‌ಬಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ.

ಗುರುವಾರ ಬಂತು. ಮೇವಿಸ್ ಬೆಳಗಿನಿಂದ ಒಲೆಯ ಮುಂದೆ ಬೆಂದು, ದನದ ಮಾಂಸದ ರೋಸ್ಟು, ಆಲೂಗಡ್ಡೆ, ಎಲೆಕೋಸು, ಬುಸ್ಸನೆ ಉಬ್ಬಿದ ಯಾರ್ಕ್‌ಷೈರ್ ಪುಡಿಂಗು, ದ್ರಾಕ್ಷಿ ಹಾಕಿದ ಪ್ಲಮ್ ಬ್ರೆಡ್ಡು ಎಲ್ಲವನ್ನೂ ಸಾಲಾಗಿ ಇಟ್ಟಳು. ನಾನು ಮದುವೆ ಕಾಲದ ಸೂಟು ಏರಿಸಿದೆ. ಸೂಟು ಇದ್ದ ಹಾಗೇ ಇತ್ತು, ನಾನು ಇದ್ದ ಹಾಗಿರಲಿಲ್ಲ. ಒಟ್ಟಿನಲ್ಲಿ ಸೂಟು ಸೂಟಾಗಲಿಲ್ಲ!

ಸರಿಯಾಗಿ ಹನ್ನೆರಡಕ್ಕೆ ಬಾಗಿಲು ತಟ್ಟಿದ ಸದ್ದು. ಹೊರಗೆ ದಪ್ಪ ಕನ್ನಡಕದ ಒಬ್ಬ ಗಟ್ಟಿಮುಟ್ಟಾದ ಹೆಂಗಸು.

"ನಾನು ಬಂದಿದ್ದು—"

"ಗೊತ್ತು, ಗೊತ್ತು! ಬನ್ನಿ ಒಳಗೆ!"

"ಅಲ್ಲ, ನಂಗೆ ಸ್ವಲ್ಪ—"

"ಹಸಿವಾಗಿದೆ! ಅದೂ ಗೊತ್ತು! ಮೇವಿಸ್, ಬಡಿಸು!"

ಹೆಂಗಸು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ರೋಸ್ಟನ್ನು ನೋಡಿದಳು, ಕೂತಳು. ನಾನು ಭಾಷಣ ಶುರು ಮಾಡಿದೆ.

"ಮೇಡಂ, ನಮ್ಮಲ್ಲಿ ಬೆಟ್ಟ ಇಲ್ಲ. ಬೆಟ್ಟ ಇದ್ರೆ ಹತ್ತಬೇಕು, ಹತ್ತಿದ್ರೆ ಮಂಡಿನೋವು. ಇಡೀ ದೇಶದ ಮಂಡಿಗಳಿಗೆ ನಮ್ಮ ಕೌಂಟಿ ಒಂದು ವರದಾನ!"

"ವೋಲ್ಡ್ಸ್ ಗುಡ್ಡ ಇದೆಯಲ್ಲ," ಎಂದಳು ಮೇವಿಸ್.

"ಅದು ಗುಡ್ಡ ಅಲ್ವೇ, ನೆಲ ಸ್ವಲ್ಪ ಉಸಿರು ಎಳ್ಕೊಂಡಿದೆ ಅಷ್ಟೆ! ಇನ್ನು ನಮ್ಮ ಕ್ಯಾಥೆಡ್ರಲ್, ಮೇಡಂ! ಎಷ್ಟೋ ಮೈಲಿ ದೂರದಿಂದ ಕಾಣತ್ತೆ. ಯಾಕೆ? ಮಧ್ಯೆ ಅಡ್ಡ ನಿಲ್ಲೋಕೆ ಏನೂ ಇಲ್ಲ! ಅಲ್ಲಿವರೆಗೂ ಬರೀ ಎಲೆಕೋಸು!"

ನಾನು ಕಾರಣಗಳ ಮೇಲೆ ಕಾರಣ ಹೇರುತ್ತಿದ್ದೆ, ಆಕೆ ತಟ್ಟೆಯ ಮೇಲೆ ಆಲೂಗಡ್ಡೆ ಹೇರಿಕೊಳ್ಳುತ್ತಿದ್ದಳು. ಕೊನೆಯ ಪುಡಿಂಗ್ ಬಾಯಿಗಿಟ್ಟು ಕೂತ ಮೇಲೆ ಮೊದಲ ಸಲ ಮಾತಾಡಿದಳು.

"ಪುಡಿಂಗ್ ಪರವಾಗಿಲ್ಲ. ನಮ್ಮ ಯಾರ್ಕ್‌ಷೈರಲ್ಲಾದ್ರೆ ಇನ್ನೂ ಉಬ್ಬತ್ತೆ."

"ನೀವು... ಲಂಡನ್ನಿಂದ ಬಂದೋರಲ್ವಾ?"

"ಲಂಡನ್ನಾ? ಥೂ! ಊರಿಗೆ ಹೋಗೋ ದಾರಿ ತಪ್ಪಿತ್ತು, ಕೇಳೋಣ ಅಂತ ಬಾಗಿಲು ತಟ್ಟಿದೆ. ನೀವು ನಂಗೆ ಮಾತಾಡೋಕೆ ಎಲ್ಲಿ ಬಿಟ್ರಿ? ಬಿಟ್ಟಿದ್ದು ತಿನ್ನೋಕೆ ಮಾತ್ರ!"

ಯಾರ್ಕ್‌ಷೈರಿನವಳು! ತಮಗಿಂತ ದೊಡ್ಡ ಕೌಂಟಿ ಇಲ್ಲವೆಂದು ನಮ್ಮ ಮುಂದೆ ಮೀಸೆ ತಿರುವುವ ಜನ! ನಡುವೆ ಹಂಬರ್ ನದಿ ಇರುವುದರಿಂದಲೇ ಇದುವರೆಗೆ ಕೈಕೈ ಮಿಲಾಯಿಸಿಲ್ಲ. ಹೋಗುವಾಗ ಆಕೆ ಪ್ಲಮ್ ಬ್ರೆಡ್ಡನ್ನೂ ದಾರಿಗೆಂದು ಕಟ್ಟಿಸಿಕೊಂಡಳು.

ಇಮೋಜೆನ್ ಮೇಡಂ ಒಂದಕ್ಕೂ ಬರಲಿಲ್ಲ, ಎರಡಕ್ಕೂ ಬರಲಿಲ್ಲ. "ಈ ಲಂಡನ್ನಿನೋರಿಗೆ ಕೊಟ್ಟ ಮಾತಿಗೆ ಬೆಲೆನೇ ಇಲ್ಲ!" ಎಂದು ನಾನು ಕೂಗಾಡಿದೆ. ಮೇವಿಸ್ ಮಾತ್ರ ಕಿಟಕಿಯ ಹತ್ತಿರ ನಿಂತು, "ಈ ಹಿತ್ತಲು ಬಿಟ್ಟು ಲೆಸ್ಟರಲ್ಲಿ ಹೇಗಿರ್ತೀನೋ," ಎಂದು ಮೆಲ್ಲಗೆ ಕಣ್ಣೊರೆಸಿಕೊಂಡಳು. ನಾನು ಕೂಗಾಟ ಬಿಟ್ಟು ಅವಳಿಗೆ ಕುರ್ಚಿ ಎಳೆದುಕೊಟ್ಟೆ.

ಟೀ ಮುಗಿಸಿ ಮೇವಿಸ್ ಎಂದಿನಂತೆ ಚರ್ಚಿನ ಗೋಪುರಕ್ಕೆ ಗಂಟೆ ಬಾರಿಸುವ ಅಭ್ಯಾಸಕ್ಕೆ ಹೋದಳು. ನಾನು ಪಟ್ಟೆ ಪೈಜಾಮ ತೊಟ್ಟು, ಬಿಗಿ ಬೂಟು ಕಚ್ಚಿದ ಕಾಲುಗಳನ್ನು ಬಿಸಿನೀರಿನ ಬೇಸಿನ್ನಿನಲ್ಲಿಟ್ಟು ಕೂತಿದ್ದೆ. ಎಂಟು ಗಂಟೆ. ಹೊರಗೆ ಇನ್ನೂ ಬಿಸಿಲು. ಬಾಗಿಲ ಗಂಟೆ ಬಡಿಯಿತು. ಗಂಟೆ ಹೇಳದಿದ್ದವನಿಗೆ ಗಂಟೆಯೇ ಗಂಟುಬಿತ್ತು!

ರೇಷ್ಮೆ ಉಡುಪು, ಕೈಯಲ್ಲಿ ವೈನ್ ಬಾಟಲಿ. "ನಾನು ಇಮೋಜೆನ್ ಕ್ರಾಲಿ. ಡಿನ್ನರಿಗೆ ಕರೆದಿದ್ರಲ್ಲ? ನಿಮ್ಮನೆ ಊಟಕ್ಕೆ ಅಂತಾನೇ ಮಧ್ಯಾಹ್ನ ಏನೂ ತಿಂದಿಲ್ಲ!"

"ಡಿನ್ನರ್... ಮುಗಿದುಹೋಯ್ತಲ್ಲ ಮೇಡಂ."

"ಇನ್ನೂ ಎಂಟು ಗಂಟೆ!"

"ನಾನೂ ಅದನ್ನೇ ಹೇಳ್ತಿರೋದು!"

ಆಕೆಯ ಮುಖ ಸಣ್ಣಗಾಯಿತು. ನನ್ನ ಕಣ್ಣ ಮುಂದೆ ಈನಿಡಳ ಸೋಫಾ ಬಂತು. "ಕೂತ್ಕೊಳ್ಳಿ ಮೇಡಂ, ಚಿಟಿಕೆ ಹೊಡೆಯೋದ್ರೊಳಗೆ ಅಡುಗೆ!" ಎಂದುಬಿಟ್ಟೆ. ಅಡುಗೆಮನೆ ಎಲ್ಲಿದೆ ಎಂಬುದಷ್ಟೇ ನನಗೆ ಗೊತ್ತಿತ್ತು, ಅದರೊಳಗೆ ಏನೆಲ್ಲಿದೆ ಎಂಬುದು ದೇವರಿಗೂ ಮೇವಿಸಳಿಗೂ ಮಾತ್ರ ಗೊತ್ತು.

ಫ್ರೀಜರಿನಲ್ಲಿ ಕಲ್ಲಾಗಿದ್ದ ಸಾಸೇಜುಗಳು ಸಿಕ್ಕವು. ಬಾಣಲೆಗೆ ಬೆಣ್ಣೆ ಸುರಿದು, ಉರಿ ಜೋರು ಮಾಡಿ, ಅವನ್ನು ಎಸೆದೆ. ಕಾಯುತ್ತಿರುವಾಗ ಸುಮ್ಮನಿರಬಾರದೆಂದು ಊಟದ ಕೋಣೆಗೆ ಹೋಗಿ, "ಮೇಡಂ, ನಮ್ಮ ಆಕಾಶ! ಇಷ್ಟಗಲ ಆಕಾಶ ಬೇರೆ ಎಲ್ಲಿದೆ?" ಎಂದು ಕೈ ಅಗಲಿಸಿದೆ.

"ಆಕಾಶ ಇರಲಿ, ಒಳಗಿಂದ ಮೋಡ ಬರ್ತಿದೆ," ಎಂದರು ಮೇಡಂ.

ಓಡಿದೆ. ಬಾಣಲೆ ಧಗಧಗ ಉರಿಯುತ್ತಿತ್ತು! ಮೇಡಂ ಹಿಂದೆಯೇ ಬಂದು, "ನೀರು ಹಾಕ್ಬೇಡಿ! ಮುಚ್ಚಳ ಮುಚ್ಚಿ!" ಎಂದು ಕಿರುಚಿ, ತಾವೇ ಮುಚ್ಚಳ ಮುಚ್ಚಿ ಬೆಂಕಿ ಆರಿಸಿದರು. ಬೆಂಕಿ ಆರಿದ್ದು ನನಗೆ ಕಾಣುವಷ್ಟರಲ್ಲಿ, ನಾನು ಕಾಲಿಟ್ಟುಕೊಂಡಿದ್ದ ಬೇಸಿನ್ನಿನ ನೀರನ್ನು ಪೂರ್ತಿ ಎರಚಿಯಾಗಿತ್ತು. ಒಲೆಗೆ ಒಂದು ಹನಿಯೂ ತಾಗಲಿಲ್ಲ. ಎಲ್ಲ ರೇಷ್ಮೆಗೆ!

ಮೇವಿಸ್ ಬಂದಾಗ ಮನೆ ತುಂಬ ಹೊಗೆ, ಪೈಜಾಮದಲ್ಲಿ ಗಂಡ, ತನ್ನದೇ ಹೂವಿನ ಗೌನು ತೊಟ್ಟು ಕೂತ ಅಪರಿಚಿತ ಹೆಂಗಸು. ಆಕೆಯ ತಟ್ಟೆಯಲ್ಲಿ ಹೊರಗೆ ಇದ್ದಿಲು, ಒಳಗೆ ಮಂಜುಗಡ್ಡೆಯಾದ ಒಂದು ಸಾಸೇಜು.

"ಡಿನ್ನರಿಗೆ ಬಂದಿದಾರೆ," ಎಂದೆ ನಾನು.

ಮೇವಿಸಳಿಗೆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. "ಗಂಟೆ ಹೇಳದೆ ಕರೆದ್ಯಾ ಮಹಾರಾಯ? ಬಾಯಿ ಮುಚ್ಕೊಂಡು ಮೂಲೇಲಿ ಕೂತ್ಕೋ. ಮೇಡಂ, ನಿಮಗೆ ಆಮ್ಲೆಟ್ ಆಗತ್ತಾ?"

ಆಮೇಲೆ ಅಡುಗೆಮನೆಯಿಂದ ಬೆಣ್ಣೆಯ ಘಮ ಬಂತು, ವೈನ್ ಬಾಟಲಿ ತೆರೆದ ಸದ್ದು ಬಂತು, ಇಬ್ಬರು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಗುವುದು ಕೇಳಿಸಿತು. ಯಾರನ್ನು ನೆನೆದು ನಗುತ್ತಿದ್ದರೆಂದು ನಾನು ವಿಚಾರಿಸಲಿಲ್ಲ.

ಜುಲೈಯಲ್ಲಿ ಪತ್ರಿಕೆ ಬಂತು. ಬಾಗಿಲಲ್ಲೇ ನಿಂತು ಬಿಡಿಸಿದೆ. ಕ್ಯಾಥೆಡ್ರಲ್, ಕಡಲತೀರದ ಸೀಲ್ ಪ್ರಾಣಿಗಳು ಎಲ್ಲ ದಾಟಿ ಕೊನೆಗೆ ಬಂದೆ. ಹತ್ತನೆಯ ಕಾರಣ: ಹಾಗರ್‌ಬಿಯ ಶ್ರೀ ಸೈರಿಲ್ ಓಡ್ಲಿಂಗ್!

"ಮೇವಿಸ್! ನಾನೇ! ಕ್ಯಾಥೆಡ್ರಲ್ ಇರೋ ಪುಟದಲ್ಲೇ ನಾನೂ ಇದೀನಿ!"

"ಮುಂದೆ ಓದು," ಎಂದಳು.

ಗಂಟಲು ಸರಿಪಡಿಸಿಕೊಂಡು ಓದಿದೆ: "ಮದುವೆಯಾದ ಪ್ರತಿ ಹೆಣ್ಣೂ ಗಂಡನ ಜೊತೆ ಒಮ್ಮೆ ಇಲ್ಲಿಗೆ ಬರಲೇಬೇಕು. ಶ್ರೀಮತಿ ಓಡ್ಲಿಂಗ್ ಅವರ ಆಮ್ಲೆಟ್ ಅಮೃತ. ಶ್ರೀ ಓಡ್ಲಿಂಗ್ ಅವರೊಂದಿಗೆ ಒಂದೇ ಸಂಜೆ ಕಳೆದರೆ ಸಾಕು, ತನ್ನ ಗಂಡ ಎಂಥ ಬಂಗಾರ ಎಂದು ಆಕೆಗೆ ಗೊತ್ತಾಗುತ್ತದೆ."

ಅಂದಿನಿಂದ ಫೋನಿಗೆ ಪುರುಸೊತ್ತಿಲ್ಲ. ಐದೂ ಕೋಣೆ ಕ್ರಿಸ್‌ಮಸ್‌ವರೆಗೆ ಭರ್ತಿ, ಎಲ್ಲರೂ ಗಂಡ ಹೆಂಡಿರೇ. ಮೊದಲ ಜೋಡಿ ಬಂದು ಗಂಟೆ ಒತ್ತಿದಾಗ ನಾನು ಮುಖ ಊದಿಸಿಕೊಂಡು ಕೂತೆ. "ಇದು ಮಾನಹಾನಿ! ನಾನು ಬಾಗಿಲು ತೆಗೆಯಲ್ಲ!"

ಮೇವಿಸ್ ನನ್ನ ಕಾಲರ್ ಸರಿಮಾಡಿ, ಬಾಗಿಲ ಕಡೆ ಮೆಲ್ಲಗೆ ತಳ್ಳಿದಳು.

"ಇಷ್ಟು ವರ್ಷ ನಾನು ಬಿಟ್ಟಿ ನೋಡಿದ್ದನ್ನ ಅವರು ಪಾಪ ದುಡ್ಡು ಕೊಟ್ಟು ನೋಡೋಕೆ ಬಂದಿದಾರೆ ಕಣೋ. ಹಲ್ಲು ಕಿರಿದು ಬಾಗಿಲು ತೆಗಿ!"