ಜಿಗಿಹುಳುವಿಗೆ ತಂದ ಔಷಧಿ ನಮ್ಮ ಕೊಡಕ್ಕೆ ಬಂದ ಬಗ್ಗೆ

ಮಾನ್ಯ ಕಂದು ಜಿಗಿಹುಳುಗಳ ಸನ್ನಿಧಾನಕ್ಕೆ,

ಗಂಗಾವತಿ ಸೀಮೆಯ ಭತ್ತದ ರೈತ ತಾಹೇರನ ಸಾವಿರ ಸಲಾಮುಗಳು. ತಾವು ಸಹಕುಟುಂಬ ಸಪರಿವಾರ ನಮ್ಮ ಪೈರಿನ ಬುಡದಲ್ಲಿ ಕ್ಷೇಮವಾಗಿರುವುದನ್ನು ಇಂದು ಬೆಳಿಗ್ಗೆ ಕಣ್ಣಾರೆ ಕಂಡೆ. ನಮ್ಮ ಕ್ಷೇಮದ ಬಗ್ಗೆಯೇ ಈ ಬಹಿರಂಗ ಪತ್ರ.

ಮಾನ್ಯರೇ, ತಮಗೆಂದೇ ತಂದ ಔಷಧಿ ವಿಳಾಸ ತಪ್ಪಿ ನಮ್ಮ ಮನೆಗೆ ಬಟವಾಡೆಯಾಗುತ್ತಿದೆ. ಪಕ್ಕದ ಗದ್ದೆಯ ವಿರುಪಣ್ಣ ಸಿಂಪಡಿಸುವ ಪಂಪಿಗೆ ಎರಡು ಮುಚ್ಚಳ ಸುರಿದರೆ ನಾನು ಮೂರು ಸುರಿಯಲೇಬೇಕು. ಇಲ್ಲದಿದ್ದರೆ ತಾವು ಅವನಲ್ಲಿಂದೆದ್ದು ನಮ್ಮಲ್ಲಿಗೆ ಬೀಗರಂತೆ ಬಂದು ಕೂರುತ್ತೀರಿ. ನನ್ನದನ್ನು ಕಂಡು ಅವನು ನಾಲ್ಕು ಸುರಿಯುತ್ತಾನೆ. ಕೊನೆಗೆ ಇಬ್ಬರೂ ಭಾಯಿ-ಭಾಯಿಗಳಾಗಿ ಪಂಪನ್ನು ಹಳ್ಳದಲ್ಲೇ ತೊಳೆಯುತ್ತೇವೆ. ತಾವು ಆ ಔಷಧಿಯಲ್ಲಿ ಮಿಂದು ಇನ್ನಷ್ಟು ಪುಷ್ಟರಾಗುತ್ತೀರಿ, ಹಳ್ಳದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ದಂಡೆಯ ಮೇಲಿನ ನಮ್ಮ ಕೊಳವೆಬಾವಿಯ ನೀರು ಪರೀಕ್ಷಿಸಿದವರು, ಇದರಲ್ಲೂ ಔಷಧಿ ಇಳಿದಿದೆ, ಕುಡಿಯಬೇಡಿ ಎಂದರು. ಕುದಿಸಿದರಾಯಿತು ಎಂದ ವಿರುಪಣ್ಣ. ಅಂದಿನಿಂದ ಔಷಧಿಯನ್ನು ಬಿಸಿಬಿಸಿಯಾಗಿ ಸೇವಿಸುತ್ತಿದ್ದೇವೆ.

ಮಗಳು ಶಮಾಳನ್ನು ಕುಷ್ಟಗಿ ಕಡೆಯ ಜೋಳದ ಹೊಲದವರಿಗೆ ಕೊಟ್ಟಾಗ, ಕಾಲುವೆ ದಂಡೆಯ ಹುಡುಗಿಯನ್ನು ನೀರಿಲ್ಲದ ಊರಿಗೆ ತಳ್ಳಿದನೆಂದು ಊರೇ ನನ್ನನ್ನು ಆಡಿಕೊಂಡಿತ್ತು. ಈಗ ಅವಳಿಗೆ ದಿನ ತುಂಬುತ್ತಿವೆ. ಚೊಚ್ಚಲ ಹೆರಿಗೆ ತವರಿನ ಹಕ್ಕು ತಾನೇ? ನನ್ನ ಹೆಂಡತಿ ಇಮಾಮಬಾನು ಬಾಣಂತಿಗೆಂದು ಅಂಟಿನುಂಡೆ ಕಟ್ಟಿಟ್ಟಳು. ಇಬ್ಬರೂ ಕರೆಯಲು ಹೋದೆವು. ಬೀಗಿತ್ತಿ ಜೈನಾಬೀ ಚಹಾ ಕೊಟ್ಟು, ತಣ್ಣಗೆ ಹೇಳಿದ್ದಿಷ್ಟು: "ನಿಮ್ಮ ಮಗಳ್ನ ಕಳಸಾಕ ನಮ್ಮದೇನೂ ಅಡ್ಡಿ ಇಲ್ರಿ. ಆದ್ರ ಆಕಿಗಿ ಯಾವ ನೀರು ಕುಡಸ್ತೀರಿ, ಹೇಳ್ರಿ. ನಮ್ಮಲ್ಲಿ ನೀರು ಭಾಳ ಕಡಿಮಿ ಐತಿ, ಖರೆ. ಇದ್ದಷ್ಟು ಛಲೋ ಐತಿ." ಮಗಳನ್ನು ಅಲ್ಲೇ ಬಿಟ್ಟು ಇಬ್ಬರೂ ಬಸ್ಸು ಹತ್ತಿದೆವು. ಅವಮಾನಕ್ಕಿಂತ ಹೆಚ್ಚಾಗಿ ಅವರ ನೀರಿನ ಮೇಲೆ ಹೊಟ್ಟೆಕಿಚ್ಚಾಯಿತು.

ಆದಕಾರಣ ತಾವು ದಯಮಾಡಿ ಮರ್ಯಾದೆಯಿಂದ ಸಾಯಬೇಕು. ಅದಾಗದಿದ್ದರೆ ಹುಟ್ಟಲಿರುವ ನಮ್ಮ ಕೂಸಿಗೆ ತಮ್ಮ ಜೀರ್ಣಶಕ್ತಿಯನ್ನಾದರೂ ದಯಪಾಲಿಸಬೇಕು. ಅದೂ ಕಷ್ಟವಾದರೆ, ತಾಹೇರ ಮುಚ್ಚಳದ ಲೆಕ್ಕ ಇಳಿಸುತ್ತಾನಂತೆ, ನೀನೂ ಇಳಿಸು ಎಂದು ವಿರುಪಣ್ಣನ ಕಿವಿಯಲ್ಲಿ ಹೇಳಿರಿ. ನಾನು ಹೇಳಿದರೆ ಅವನು ನಂಬುವುದಿಲ್ಲ.

ಔಷಧಿಯನ್ನು ತಮಗಿಂತ ನಿಷ್ಠೆಯಿಂದ ಸೇವಿಸುತ್ತಿರುವ,
ತಮ್ಮ ವಿಶ್ವಾಸಿ,
ತಾಹೇರ

ಕೊನೆಯ ಮಾತು: ಪತ್ರ ಮುಗಿಸುವಷ್ಟರಲ್ಲಿ ಶಮಾ ಕುಷ್ಟಗಿಯಲ್ಲೇ ಹೆಣ್ಣುಕೂಸು ಹಡೆದಳು. ನೋಡಿಕೊಂಡು ಹೊರಟಾಗ ಬೀಗರು ಸಕ್ಕರೆಯ ಜೊತೆ ತಮ್ಮ ತೊಟ್ಟಿಯ ಮಳೆನೀರನ್ನೂ ಒಂದು ಕ್ಯಾನಿಗೆ ತುಂಬಿ ಕೊಟ್ಟರು. ಬಸ್ಸು ಕಾಲುವೆಯ ಗುಂಟ ಬರುವಾಗ, ನಮ್ಮೂರವರು ಯಾರಾದರೂ ಕಂಡಾರೆಂದು ಇಮಾಮಬಾನು ಅದಕ್ಕೆ ಸೆರಗು ಹೊದಿಸಿ, ಕದ್ದ ಮಾಲಿನಂತೆ ತಬ್ಬಿಕೊಂಡು ಕೂತಿದ್ದಳು. ಒಳಗಿದ್ದದ್ದು ಬರೀ ನೀರು, ಮಾನ್ಯರೇ.