ಆಂಜನೇಯನನ್ನು ಕೇಳಿ ಹೇಳುವ ಮಾವ

ಸುಳ್ಳು ಹೇಳುವವರಿಂದ ನನಗೆ ಅಂಥಾ ತೊಂದರೆಯೇನೂ ಆಗಿಲ್ಲ. ನನ್ನ ಜೀವ ತಿಂದಿರುವುದು ಕೊಟ್ಟ ಮಾತಿಗೆ ತಪ್ಪದ ಒಬ್ಬ ಮನುಷ್ಯ! ಅವರು ಬೇರೆ ಯಾರೂ ಅಲ್ಲ, ನನ್ನ ಖಾಸಾ ಸೋದರಮಾವ. ತುಮಕೂರು ರಸ್ತೆಯ ಮಾಕಳಿಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಮನೆಗಳನ್ನು ಕಟ್ಟಿಸಿ, ಫ್ಯಾಕ್ಟರಿ ಹುಡುಗರಿಗೆ ಬಾಡಿಗೆಗೆ ಕೊಟ್ಟು, ಹೆಂಡತಿ ಮಕ್ಕಳ ಜೊತೆ ಸುಖವಾಗಿದ್ದಾರೆ. ಅವರ ಸುತ್ತಮುತ್ತಲಿನವರು ಸುಖವಾಗಿದ್ದಾರೋ ಇಲ್ಲವೋ ಅನ್ನುವುದು ಬೇರೆ ಮಾತು.

ಅವರನ್ನು ನೀವು ಊಟಕ್ಕೆ ಕರೆಯಿರಿ ನೋಡೋಣ. ಬರುತ್ತೇನೆ ಅನ್ನುವುದಿಲ್ಲ, ಬರುವುದಿಲ್ಲ ಅಂತಲೂ ಅನ್ನುವುದಿಲ್ಲ. “ಕೇಳ್ಬುಟ್ಟು ಯೋಳ್ತೀನಿ” ಅನ್ನುತ್ತಾರೆ. ಯಾರನ್ನು ಕೇಳುವುದು? ನಮ್ಮ ಅತ್ತೆಯನ್ನೇ? ಛೆ, ಅತ್ತೆಯನ್ನು ಅವರು ಕೇಳಿದ್ದು ಯಾವಾಗ! ಅವರು ಕೇಳುವುದು ಮನೆಯ ಹಿಂದಿನ ಗುಡಿಯ ಆಂಜನೇಯಸ್ವಾಮಿಯನ್ನು. ಮೂರ್ತಿಗೆ ಹೂವು ಅಂಟಿಸಿ ಮುಂದೆ ಕೈಮುಗಿದು ಕೂರುತ್ತಾರೆ. ಬಲಗಡೆಯ ಹೂ ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಮದುವೆ, ಮನೆ ಕಟ್ಟುವುದು ಇಂಥದ್ದಕ್ಕೆಲ್ಲ ಜನ ಹೂ ಕೇಳುತ್ತಾರೆ, ಸರಿ. ನಮ್ಮ ಮಾವ ಪಕ್ಕದ ಮನೆಯ ನಾಮಕರಣಕ್ಕೂ ಕೇಳುತ್ತಾರೆ!

ಒಂದು ದಿನ ಎರಡು ತಾಸಾದರೂ ಯಾವ ಹೂವೂ ಅಲುಗಲಿಲ್ಲ. ಗುಡಿಯ ಬಾಗಿಲು ಹಾಕಬೇಕಾಗಿದ್ದ ಅರ್ಚಕರಿಗೆ ಹಸಿವು. ಅವರು ಸದ್ದಿಲ್ಲದೆ ಒಂದು ಟೇಬಲ್ ಫ್ಯಾನ್ ತಂದಿಟ್ಟು ಸ್ವಿಚ್ ಒತ್ತಿದರು. ಮಾವ ಎದ್ದು ಹೋಗಿ ಅದನ್ನು ಆರಿಸಿದರು.

“ಸೆಕೆ ಅಂತ ಹಾಕ್ದೆ” ಎಂದರು ಅರ್ಚಕರು.

“ಅವನೇನು ಸೆಕೆ ಅಂದ್ನಾ? ಫ್ಯಾನ್ ಆಕುದ್ರೆ ಗಾಳಿ ಮಾತಾಡ್ತದೆ ಸ್ವಾಮೇರೆ, ದ್ಯಾವ್ರು ಮಾತಾಡಕಿಲ್ಲ.”

“ಅಲ್ರೀ, ಇಂಥ ಸಣ್ಣಪುಟ್ಟದಕ್ಕೆಲ್ಲ ದೇವರಿಗೆ ಯಾಕೆ ತೊಂದರೆ ಕೊಡ್ತೀರಿ?”

“ತೊಂದ್ರೆ ಆದ್ರೆ ಅವ್ನೇ ಯೋಳ್ತಾನೆ. ನೀವ್ ಸುಮ್ಕೆ ಕುಂತ್ಕಳಿ.”

ಇಷ್ಟಾದ ಮೇಲೆ ‘ಬತ್ತೀನಿ’ ಅಂದರೋ, ಮುಗಿಯಿತು. ಅದು ನಮಗೆ ಹೇಳಿದ ಮಾತಲ್ಲ, ದೇವರೆದುರು ಕೊಟ್ಟ ಮಾತು. ಭೂಮಿ ಬಾಯಿಬಿಟ್ಟರೂ ಬಂದೇ ಬರುತ್ತಾರೆ.

ಇದರ ಪೂರ್ತಿ ಅರ್ಥ ನನಗೆ ಗೊತ್ತಾದದ್ದು ವೈಟ್‌ಫೀಲ್ಡಿನಲ್ಲಿ ನಾವು ಫ್ಲ್ಯಾಟ್ ತೆಗೆದುಕೊಂಡಾಗ. ಲಿಫ್ಟ್ ಬಂದಿರಲಿಲ್ಲ, ನೆಲಕ್ಕೆ ಟೈಲ್ಸ್ ಕೂರಿಸುವುದು ಮುಗಿದಿರಲಿಲ್ಲ. ಗೃಹಪ್ರವೇಶವನ್ನು ಹದಿನೈದು ದಿನ ಮುಂದೂಡಿ ಎಲ್ಲರಿಗೂ ಫೋನ್ ಮಾಡಿದೆ. ಮಾವನಿಗೂ ಮಾಡಿದೆ.

“ಮುಂದಕ್ ಆಕಿರೋರು ನೀವು. ನಾನು ಭಾನ್ವಾರ ಬತ್ತೀನಿ ಅಂತ ಅವನಿಗೆ ಯೋಳಾಗೈತೆ.”

“ಮಾವ, ಭಾನುವಾರ ಅಲ್ಲಿ ನಾವೇ ಇರಲ್ಲ!”

“ನೀವ್ ಬತ್ತೀವಿ ಅಂತ ಯಾರಿಗಾದ್ರೂ ಮಾತ್ ಕೊಟ್ಟಿದ್ದೀರಾ? ಇಲ್ವಲ್ಲ. ಆರಾಮಾಗಿರಿ.”

ಬಂದರು! ಐದು ಮಹಡಿ ಹತ್ತಿದರು. ಸಿಮೆಂಟಿನ ಧೂಳಿನ ನಡುವೆ ಟೈಲ್ಸ್ ಕೂರಿಸುತ್ತಿದ್ದವನ ಕೈಗೆ ತಾಂಬೂಲ, ತೆಂಗಿನಕಾಯಿ, ನನಗೆಂದು ತಂದಿದ್ದ ರವಿಕೆ ಕಣ ಎಲ್ಲ ಕೊಟ್ಟರು. ಅವನ ಡಬ್ಬಿಯ ಚಪಾತಿಯಲ್ಲಿ ಪಾಲು ತಿಂದು, ಮನೆ ನೂರು ಕಾಲ ಬಾಳಲಿ ಎಂದು ಹರಸಿ ಹೊರಟರು. ಹದಿನೈದು ದಿನ ಬಿಟ್ಟು ನಡೆದ ನಿಜವಾದ ಗೃಹಪ್ರವೇಶಕ್ಕೆ ಅವರು ಬರಲಿಲ್ಲ. ಯಾಕೆ ಮಾವ ಎಂದು ಕೇಳಿದರೆ, “ಬಂದೋದ್ನಲ್ಲಮ್ಮ!” ಎಂದರು. ನನ್ನ ರವಿಕೆ ಕಣ ಈಗ ಯಾವ ಊರಿನಲ್ಲಿದೆಯೋ!

ಇನ್ನು ಮೆಟ್ರೋ ಕಥೆ. ತುಮಕೂರು ರಸ್ತೆಯಲ್ಲಿ ಕಂಬಗಳು ಏಳುತ್ತಿದ್ದ ಕಾಲದಲ್ಲೇ ಮಾವ ಹರಕೆ ಕಟ್ಟಿಕೊಂಡುಬಿಟ್ಟಿದ್ದರು. “ಅಪ್ಪಾ ತಂದೆ, ಮೆಟ್ರೋ ನಮ್ಮ ಮಾಕಳಿಗೆ ಬಂದ್ ದಿವ್ಸ ನಿನ್ ಪಟ ತೊಡೆ ಮ್ಯಾಲ್ ಇಟ್ಕಂಡು ಓಯ್ತೀನಿ. ಅಲ್ಲೀಗಂಟ ಅದ್ರೊಳಿಕ್ಕೆ ಕಾಲಿಡಾಕಿಲ್ಲ.” ಮೆಟ್ರೋ ನಾಗಸಂದ್ರಕ್ಕೆ ಬಂತು. ವರ್ಷಗಟ್ಟಲೆ ಅಲ್ಲೇ ದಣಿವಾರಿಸಿಕೊಂಡಿತು. ಆಮೇಲೆ ಇನ್ನಷ್ಟು ಮುಂದೆ ಬಂದು, ಮಾಕಳಿಗೆ ಇನ್ನೇನು ಬಂತು ಅನ್ನುವಷ್ಟರಲ್ಲಿ ಮಾದಾವರದಲ್ಲಿ ನಿಂತುಬಿಟ್ಟಿತು! ಅಲ್ಲಿಗೆ ನಮ್ಮ ಮಾವ ವೈಟ್‌ಫೀಲ್ಡಿಗೆ ಬರಬೇಕೆಂದರೆ ಮೂರು ಬಸ್ಸು, ಅರ್ಧ ದಿನ.

ನಮ್ಮ ಯಜಮಾನರು ಒಮ್ಮೆ ಬುದ್ಧಿವಂತಿಕೆ ತೋರಿಸಲು ಹೋದರು. “ಮಾವ, ದೇವರಿಗೆ ಮಾದಾವರ ಏನು, ಮಾಕಳಿ ಏನು? ಎರಡೂ ಒಂದೇ ಅಲ್ವಾ?”

“ಅಳಿಯಂದ್ರೆ, ಒಬ್ನೇ ಲಂಕೆಗ್ ಓಗ್ ಬಂದೋನು ಅವ್ನು. ಅವನಿಗೆ ಮಾದಾವರ ಯಾವ್ದು, ಮಾಕಳಿ ಯಾವ್ದು ಅಂತ ಗೊತ್ತಾಗಕಿಲ್ವಾ?”

ಯಜಮಾನರು ಪೇಪರ್ ಓದಲು ಎದ್ದು ಹೋದರು.

ಹೋದ ವರ್ಷ ನನ್ನ ಮಗಳ ಸ್ಕೂಲ್ ಡೇ. ಅವಳಿನ್ನೂ ಯುಕೆಜಿ. ರೈತರ ನೃತ್ಯದಲ್ಲಿ ಅವಳು ಮೋಡ. ‘ನಾನು ಮೋಡ, ಮಳೆ ತಂದೆ’ ಎಂಬ ಒಂದೇ ಒಂದು ಮಾತು. ಆ ಒಂದು ಮಾತು ಕೇಳಲು ತಾತ ಮುಂದಿನ ಸಾಲಿನಲ್ಲಿ ಕೂತಿರಬೇಕೆಂದು ಹಟ. ಅವಳಿಗೆ ನನ್ನ ಮಾವನೇ ತಾತ. ಫೋನ್ ಕಿತ್ತುಕೊಂಡು ಕೇಳಿಯೂಬಿಟ್ಟಳು: “ತಾತಾ, ಬರ್ತೀಯಾ?”

“ಬತ್ತೀನಿ ಕಣವ್ವ” ಎಂದರು ಮಾವ.

ನಾನು ಬೆಚ್ಚಿದೆ. ಹೂವಿಲ್ಲ, ಗುಡಿಯಿಲ್ಲ, ಕೇಳಿ ಹೇಳುತ್ತೇನೆ ಎಂಬ ಮಾತಿಲ್ಲ! ಮೈಗೆ ಹುಷಾರಿಲ್ಲವೇನೋ ಎಂದು ಅತ್ತೆಗೆ ಬೇರೆಯಾಗಿ ಫೋನ್ ಮಾಡಿ ವಿಚಾರಿಸಿದೆ. ಚೆನ್ನಾಗಿಯೇ ಇದ್ದರಂತೆ.

ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ಮಾವ ಹತ್ತೂವರೆಗೇ ಮನೆ ಬಿಟ್ಟಿದ್ದರು. ಎರಡು ಗಂಟೆಗೆ ನಾನು ಫೋನ್ ಮಾಡಿದರೆ ಇನ್ನೂ ಗೊರಗುಂಟೆಪಾಳ್ಯ! ಮುಂದೆಲ್ಲೋ ಲಾರಿ ಮಗುಚಿಕೊಂಡು ಮೂರು ತಾಸಿನಿಂದ ಒಂದು ಗಾಡಿಯೂ ಕದಲಿಲ್ಲವಂತೆ. “ಬಿಡಿ ಮಾವ, ವಾಪಸ್ ಹೋಗಿ, ಅವಳಿಗೆ ನಾನು ಹೇಳ್ತೀನಿ” ಎಂದೆ. ಅವರು ಫೋನ್ ಇಟ್ಟುಬಿಟ್ಟರು. ಆಮೇಲೆ ಎಷ್ಟು ಸಲ ಮಾಡಿದರೂ ತೆಗೆಯಲಿಲ್ಲ.

ನಾಲ್ಕಾಯಿತು, ನಾಲ್ಕೂಕಾಲಾಯಿತು. ಮೈತುಂಬ ಹತ್ತಿ ಅಂಟಿಸಿಕೊಂಡ ನನ್ನ ಮಗಳು ಪರದೆಯ ಸಂದಿಯಿಂದ ಬಾಗಿಲನ್ನೇ ನೋಡುತ್ತಾ, “ತಾತ ಬರೋವರೆಗೂ ಮಳೆ ಬರಲ್ಲ” ಎಂದು ಕೂತುಬಿಟ್ಟಳು. ಟೀಚರ್ ಓಡಿಬಂದರು. “ಮೇಡಂ ಪ್ಲೀಸ್, ಕ್ಲೌಡ್ ಎಂಟ್ರಿ ಆಗ್ದೆ ಫಾರ್ಮರ್ಸ್ ಡ್ಯಾನ್ಸ್ ಸ್ಟಾರ್ಟೇ ಆಗಲ್ಲ!” ಸ್ಟೇಜಿನ ಮೇಲೆ ಹತ್ತು ಪುಟಾಣಿ ರೈತರು ಆಕಾಶ ನೋಡುತ್ತಾ ನಿಂತಿದ್ದರು. ಒಬ್ಬ ರೈತ ಆಗಲೇ ಅಳಲು ಶುರುಮಾಡಿದ್ದ.

ಆಗ ಬಂದರು ನಮ್ಮ ಮಾವ. ಬೆವರಿನಿಂದ ತೊಯ್ದ ಬಿಳಿ ಶರಟು, ಎರಡೂ ಚಪ್ಪಲಿ ಕೈಯಲ್ಲಿ, ಬರಿಗಾಲು. ನೇರವಾಗಿ ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಮೋಡ ಒಂದೇ ನೆಗೆತಕ್ಕೆ ಸ್ಟೇಜಿನ ನಡುವೆ ಬಂದು, “ನಾನು ಮೋಡ, ಮಳೆ ತಂದೆ!” ಎಂದು ಕಿರುಚಿತು. ಮಾವ ಎದ್ದು ನಿಂತು ಚಪ್ಪಾಳೆ ಹೊಡೆದರು, ಚಪ್ಪಲಿ ಸಮೇತ.

ಮುಗಿದ ಮೇಲೆ ವರಾಂಡದಲ್ಲಿ ಅವರನ್ನು ಹಿಡಿದೆ. “ಮಾವ, ಅಷ್ಟು ಬೇಗ ಹೇಗೆ ಬಂದ್ರಿ?”

ಅವರು ತಲೆತಗ್ಗಿಸಿದರು. “ಮೆಟ್ರೋ ಅತ್ಬುಟ್ಟೆ ಕಣಮ್ಮ.”

ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹತ್ತಿದರಂತೆ. ಯಾರೋ ಎದ್ದು ಜಾಗ ಕೊಟ್ಟರೂ ಕೂರಲಿಲ್ಲವಂತೆ. ಗೊರಗುಂಟೆಪಾಳ್ಯದ ಸ್ಟೇಷನ್ನಿನಿಂದ ವೈಟ್‌ಫೀಲ್ಡಿನ ತನಕ ನಿಂತೇ, ತಪ್ಪಾಯಿತು ತಂದೆ, ತಪ್ಪಾಯಿತು ಎನ್ನುತ್ತಾ ಬಂದರಂತೆ. ಬೇರೆ ದಿನವಾಗಿದ್ದರೆ ಇದನ್ನು ನೆನೆದು ಒಂದು ವಾರ ನಗುತ್ತಿದ್ದೆ. ಆದರೆ ಅವರ ಕಣ್ಣು ತುಂಬಿತ್ತು.

“ಅಯ್ಯೋ ಮಾವ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾತು... ಯಾಕೆ ಹತ್ತೋಕೆ ಹೋದ್ರಿ?”

“ಅವ್ನು ದೊಡ್ಡೋನು ಕಣಮ್ಮ. ಕ್ವಾಪ ಬಂದ್ರೆ ಕಾಲಿಗ್ ಬಿದ್ದು ಕೇಳ್ಕತೀನಿ, ತಿಳ್ಕತಾನೆ. ಈ ಕೂಸು ಬಾಗ್ಲು ನೋಡ್ಕಂಡು ನಿಂತಿರ್ತದೆ. ಲಾರಿ ಬಿದ್ದಿತ್ತು ಅಂದ್ರೆ ಇದಕ್ಕೇನ್ ತಿಳೀತದೆ? ತಾತ ಬರ್ಲಿಲ್ಲ ಅನ್ನೋದೊಂದೇ ತಿಳಿಯೋದು.”

ವಾಪಸ್ಸು ಹೋಗುವಾಗಲಾದರೂ ಮೆಟ್ರೋದಲ್ಲಿ ಆರಾಮಾಗಿ ಕೂತು ಹೋಗಿ ಎಂದೆ. “ಛೆ ಛೆ! ಬರೋವಾಗ ಕೂಸು ಕಾಯ್ತಿತ್ತು. ಓಗೋವಾಗ ಅವನಿಗೆ ಏನಂತ ಯೋಳ್ಲಿ?” ಎಂದು ಬರಿಗಾಲಲ್ಲೇ ಬಸ್ ಸ್ಟಾಪಿನ ಕಡೆ ಹೊರಟರು. ಮಗಳ ಮೈಮೇಲಿನ ಹತ್ತಿಯನ್ನೂ ಬಿಚ್ಚದೆ ನಾನು ಅವಳನ್ನೆತ್ತಿಕೊಂಡು ಹಿಂದೆಯೇ ಓಡಿ ಅದೇ ಬಸ್ಸು ಹತ್ತಿದೆ. ಊರು ಸೇರಿದೊಡನೆ ಆಂಜನೇಯನ ಗುಡಿಯಲ್ಲಿ ಮಾವ ಒಬ್ಬರೇ ತಪ್ಪಿತಸ್ಥರ ಹಾಗೆ ಕೈಮುಗಿದು ನಿಲ್ಲುವುದು ನನಗೆ ಬೇಡವಾಗಿತ್ತು.